ಒಂದೇ ಸಾಲಿನ ಕೆಲಸಕ್ಕೆ ಮೂರು ಕೂಲಿ ಯಾಕೆ? ಕೊಡಗಿನ ಕಾಫಿ ಬೆಳೆಗಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಬೆಳೆಗಾರರೇ, ಎಸ್ಟೇಟ್ ಮ್ಯಾನೇಜರ್‌ಗಳೇ, ಕಾರ್ಮಿಕ ಇಲಾಖೆಯ ಅಧಿಕಾರಿಗಳೇ,

ನಮಸ್ಕಾರ.

ಕುಯ್ಲು ಹತ್ತಿರ ಬಂತೆಂದರೆ ಕೊಡಗಿನಲ್ಲಿ ಎಲ್ಲಿ ಹೋದರೂ ಒಂದೇ ಮಾತು: "ಆಳು ಸಿಗ್ತಿಲ್ಲ." ಗೋಣಿಕೊಪ್ಪದ ಗೊಬ್ಬರದ ಅಂಗಡಿಯಲ್ಲಿ ಅದೇ ಮಾತು, ಸಿದ್ದಾಪುರದ ಬಸ್ ಸ್ಟ್ಯಾಂಡಿನಲ್ಲಿ ಅದೇ, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಅದೇ. ಹಣ್ಣು ಗಿಡದಲ್ಲೇ ಒಣಗುತ್ತದೆ, ನೆಲಕ್ಕೆ ಉದುರುತ್ತದೆ. ಬಂದವರೂ ನಿಲ್ಲುವುದಿಲ್ಲ, ವಾರ ಕಳೆಯುವಷ್ಟರಲ್ಲಿ ಪಕ್ಕದ ತೋಟಕ್ಕೆ ಹೋಗಿರುತ್ತಾರೆ. ಇದರಲ್ಲಿ ಸುಳ್ಳೇನೂ ಇಲ್ಲ. ನಿಮ್ಮ ಕಷ್ಟ ನಿಜವಾದ ಕಷ್ಟ. ಆದರೆ ಆಳುಗಳು ಯಾಕೆ ನಿಲ್ಲುತ್ತಿಲ್ಲ ಎಂದು ಕೇಳಿದರೆ ಬರುವ ಉತ್ತರಗಳನ್ನು ನನ್ನಿಂದ ಒಪ್ಪಲು ಆಗುವುದಿಲ್ಲ. ರೇಷನ್ ಅಕ್ಕಿ ಬಂದು ಸೋಮಾರಿಗಳಾದರು, ಮೊಬೈಲು ಬಂದು ಕೆಟ್ಟರು, ಕುಡಿತ ಜಾಸ್ತಿ ಆಯಿತು, ಹೀಗೇ ಹೇಳುತ್ತಾರೆ. ಕೂಲಿ ಪುಸ್ತಕದ ಕಡೆ ಯಾರೂ ಕೈ ತೋರಿಸುವುದಿಲ್ಲ.

ನಾನು ದಕ್ಷಿಣ ಕೊಡಗಿನ ತೋಟಗಳಲ್ಲಿ ಬಹಳ ವರ್ಷ ರೈಟರ್ ಆಗಿದ್ದೆ. ಬೆಳಿಗ್ಗೆ ಹಾಜರಿ ಬರೆಯುವುದು, ಕೆಲಸ ಹಂಚುವುದು, ಸಂಜೆ ಕಾಫಿ ತೂಕ ಹಾಕುವುದು, ವಾರಕ್ಕೊಮ್ಮೆ ಬಟವಾಡೆ ಮಾಡುವುದು ನನ್ನ ಕೆಲಸ. ಯಾರಿಗೆ ಎಷ್ಟು ಕೂಲಿ ಹೋಗುತ್ತದೆ ಎಂಬುದು ಮಾಲೀಕರಿಗಿಂತ ಚೆನ್ನಾಗಿ ರೈಟರ್‌ಗೆ ಗೊತ್ತಿರುತ್ತದೆ. ದುಡ್ಡು ಎಣಿಸಿಕೊಂಡವರ ಮುಖ ನೋಡುವವನೂ ಅವನೇ. ಅಲ್ಲಿ ಕುಳಿತು ನೋಡಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಒಂದು ಬ್ಲಾಕಿನಲ್ಲಿ ಕಳೆ ತೆಗೆಯುವ ಕೆಲಸ ನಡೆಯುತ್ತಿದೆ ಅಂತಿಟ್ಟುಕೊಳ್ಳಿ. ಒಂದೇ ಸಾಲು, ಒಂದೇ ಇಳಿಜಾರು, ಒಂದೇ ಮಳೆ. ಆ ಸಾಲಿನಲ್ಲಿ ಲೈನ್ ಮನೆಯ, ಅಂದರೆ ತೋಟದವರು ಆಳುಗಳಿಗೆ ಕೊಟ್ಟ ಸಾಲು ಮನೆಯ, ಎರವ ಎಂಬ ಆದಿವಾಸಿ ಸಮುದಾಯದ ಹೆಂಗಸು ಇರುತ್ತಾಳೆ. ಅವಳ ಪಕ್ಕದಲ್ಲಿ ಅದೇ ಲೈನಿನ ಗಂಡಸು. ಆಚೆ ಪಿರಿಯಾಪಟ್ಟಣದ ಕಡೆಯಿಂದ ಜೀಪಿನಲ್ಲಿ ಬಂದವರು. ಅದರಾಚೆ ಏಜೆಂಟ್ ಕರೆತಂದ ಅಸ್ಸಾಮಿನ ಹುಡುಗರು. ಇಷ್ಟು ಜನರಿಗೆ ಮೂರು, ಕೆಲವು ಕಡೆ ನಾಲ್ಕು ಬೇರೆ ಬೇರೆ ಕೂಲಿ. ಹೆಣ್ಣಾಳಿಗೆ ಗಂಡಾಳಿಗಿಂತ ದಿನಕ್ಕೆ ಐವತ್ತೋ ನೂರೋ ಕಡಿಮೆ. ಲೈನಿನವರಿಗೆ ಹೊರಗಿನವರಿಗಿಂತ ಕಡಿಮೆ, ಯಾಕೆಂದರೆ "ಮನೆ ಕೊಟ್ಟಿದ್ದೇವಲ್ಲ". ಜೀಪಿನವರಿಗೆ ಜಾಸ್ತಿ, ಆದರೆ ಬಾಡಿಗೆ ಕಳೆದರೆ ಎಷ್ಟು ಉಳಿಯುತ್ತದೆ ಎಂದು ಸಾಲಿನಲ್ಲಿರುವ ಇನ್ನೊಬ್ಬರಿಗೆ ಗೊತ್ತಿಲ್ಲ. ಅಸ್ಸಾಮಿನ ಹುಡುಗರ ತಲೆಗೆ ಮಾಲೀಕರು ಕೊಡುವುದು ಒಂದು, ಏಜೆಂಟ್ ಹಿಡಿದುಕೊಂಡು ಹುಡುಗರ ಕೈಗೆ ಕೊಡುವುದು ಇನ್ನೊಂದು.

ಇದು ಗುಟ್ಟಾಗಿ ಇರುತ್ತದೆ ಎಂದು ಕೆಲವು ಮ್ಯಾನೇಜರ್‌ಗಳು ನಂಬಿದ್ದಾರೆ. "ಯಾರಿಗೂ ಹೇಳ್ಬೇಡ" ಎಂದು ಒಬ್ಬೊಬ್ಬರ ಕೈಗೆ ಬೇರೆ ಬೇರೆ ಕೊಡುತ್ತಾರೆ. ಲೈನ್ ಮನೆಗಳ ಮಧ್ಯೆ ಒಂದು ಗೋಡೆ ಮಾತ್ರ ಇರುವುದು. ಸಂತೆಗೆ ಎಲ್ಲರೂ ಒಂದೇ ಜೀಪಿನಲ್ಲಿ ಹೋಗುತ್ತಾರೆ. ಬಟವಾಡೆ ಆದ ರಾತ್ರಿಯೇ ಎಲ್ಲರ ಲೆಕ್ಕ ಎಲ್ಲರಿಗೂ ಗೊತ್ತಾಗುತ್ತದೆ. ಸೋಮವಾರ ಹಾಜರಿಗೆ ನಿಂತಾಗ ನಾನು ಅದನ್ನು ಕಾಣುತ್ತಿದ್ದೆ. ಬೈಗುಳ ಇಲ್ಲ, ಜಗಳ ಇಲ್ಲ. ಕತ್ತಿ ನಿಧಾನ ಆಗುತ್ತದೆ ಅಷ್ಟೆ. ಗಿಡದ ಬುಡದ ಕಳೆ ಹಾಗೇ ಉಳಿಯುತ್ತದೆ. ಇಬ್ಬರಿಗೆ ಹೊಟ್ಟೆನೋವು, ಒಬ್ಬಳ ಮಗುವಿಗೆ ಜ್ವರ. ಅದನ್ನು ಸೋಮಾರಿತನ ಎಂದು ಬರೆದುಕೊಳ್ಳುವುದು ಸುಲಭ.

ಒಬ್ಬ ಹೆಂಗಸು ನನಗೆ ಕೇಳಿದ ಪ್ರಶ್ನೆ ಇವತ್ತಿಗೂ ನನ್ನ ತಲೆಯಲ್ಲಿದೆ. "ರೈಟ್ರೇ, ನನ್ನ ಗಂಡನೂ ನಾನೂ ಒಂದೇ ಗೊಬ್ಬರದ ಬುಟ್ಟಿ ಹೊತ್ತಿದ್ದು. ಅವನು ಎಷ್ಟು ಸಲ ಇಳಿದು ಹತ್ತಿದನೋ ನಾನೂ ಅಷ್ಟೇ. ನನ್ನ ಬುಟ್ಟಿ ಹಗುರ ಇತ್ತಾ?" ಹಗುರ ಇರಲಿಲ್ಲ. ತುಂಬಿಸಿಕೊಟ್ಟವನು ನಾನೇ. ಅವಳ ಸಿಟ್ಟು ಸಂಸಾರಕ್ಕೆ ದುಡ್ಡು ಸಾಲದು ಎಂದಲ್ಲ, ಇಬ್ಬರ ದುಡ್ಡೂ ಒಂದೇ ಮನೆಗೆ ಹೋಗುವುದು ತಾನೆ. ತನ್ನ ಬುಟ್ಟಿಗೆ ಬೆಲೆ ಕಡಿಮೆ ಕಟ್ಟಿದ್ದು ಅವಳಿಗೆ ನೋವಾಗಿತ್ತು.

ಇಂಥ ನೋವನ್ನು ಅಳೆದು ನೋಡಿದವರಿದ್ದಾರೆ. ಅದರಲ್ಲಿ ಒಂದು ಅಧ್ಯಯನ ನಮಗೆ ತುಂಬಾ ಹತ್ತಿರದ್ದು, ನಮ್ಮ ತೋಟಗಳಿಗೂ ಆಳುಗಳು ಬರುವ ಒಡಿಶಾದಲ್ಲೇ ನಡೆದದ್ದು. ಎಮಿಲಿ ಬ್ರೇಜಾ, ಸುಪ್ರೀತ್ ಕೌರ್, ಯೋಗಿತಾ ಶಾಮದಾಸಾನಿ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅದನ್ನು 2018ರಲ್ಲಿ ಪ್ರಕಟಿಸಿದರು. ಕೈಕೆಲಸದ ಸಣ್ಣ ತಯಾರಿಕಾ ಘಟಕಗಳಲ್ಲಿ 378 ಕೂಲಿಕಾರರನ್ನು ಒಂದು ತಿಂಗಳ ಕೆಲಸಕ್ಕೆ ಇಟ್ಟುಕೊಂಡರು. ಮೂರು ಮೂರು ಜನರ ಗುಂಪು ಮಾಡಿದರು. ಕೆಲವು ಗುಂಪುಗಳಲ್ಲಿ ಮೂವರಿಗೂ ಒಂದೇ ದಿನಗೂಲಿ. ಇನ್ನು ಕೆಲವಲ್ಲಿ ಮೂವರಿಗೆ ಮೂರು ಬೇರೆ ಕೂಲಿ. ಅಂತರ ದೊಡ್ಡದೇನೂ ಅಲ್ಲ. ಆಮೇಲೆ, ಒಂದೇ ಕೂಲಿ ಪಡೆಯುವ ಇಬ್ಬರನ್ನು ಹೋಲಿಸಿದರು. ಒಬ್ಬನ ಜೊತೆಗಾರರಿಗೂ ಅಷ್ಟೇ ಕೂಲಿ, ಇನ್ನೊಬ್ಬನ ಜೊತೆಗಾರರಿಗೆ ಅವನಿಗಿಂತ ಜಾಸ್ತಿ. ಜೇಬಿಗೆ ಬೀಳುವ ದುಡ್ಡು ಇಬ್ಬರಿಗೂ ಸಮ.

ಫಲಿತಾಂಶ ಕೇಳಿ. ಯಾರ ಕೆಲಸ ಎಷ್ಟು ಎಂದು ಕಣ್ಣಿಗೆ ಕಾಣದ ಕಡೆ, ಈ ಅಂತರ ಇದ್ದ ಗುಂಪುಗಳಲ್ಲಿ ಕೆಲಸ ಇಳಿಯಿತು. ಹಾಜರಾತಿ ಶೇಕಡಾ 18 ಅಂಶದಷ್ಟು ಬಿತ್ತು. ದಿನಗೂಲಿಯವರು ಅವರು, ಬಾರದ ದಿನ ದುಡ್ಡಿಲ್ಲ. ಆದರೂ ಬರಲಿಲ್ಲ. ಕೈಗೆ ಬರುವುದನ್ನೂ ಬಿಟ್ಟು ಮನೆಯಲ್ಲಿ ಉಳಿದರು. ಇನ್ನೊಂದು ವಿಷಯ ಇದೆ. ಜಾಸ್ತಿ ಕೂಲಿ ಸಿಕ್ಕವರು ಅದಕ್ಕೆ ತಕ್ಕಂತೆ ಜಾಸ್ತಿ ಕೆಲಸ ಮಾಡಲೂ ಇಲ್ಲ. ಗುಂಪಿನೊಳಗೆ ಒಬ್ಬರಿಗೊಬ್ಬರು ಕೈ ಜೋಡಿಸುವುದೂ ಕಡಿಮೆಯಾಯಿತು, ಅದರಿಂದ ತಮಗೇ ಲಾಭ ಇದ್ದಾಗಲೂ. ಅಂದರೆ ಆ ಅಂತರದಿಂದ ಮಾಲೀಕನಿಗೂ ಲಾಭ ಆಗಲಿಲ್ಲ, ಆಳಿಗೂ ಆಗಲಿಲ್ಲ.

ಇದರ ಇನ್ನೊಂದು ಭಾಗವೇ ನನಗೆ ಬಹಳ ಮುಖ್ಯ. ಜಾಸ್ತಿ ಕೂಲಿ ಪಡೆಯುವವನು ನಿಜವಾಗಿ ಜಾಸ್ತಿ ಕೆಲಸ ಮಾಡುತ್ತಾನೆ ಎಂದು ಎಲ್ಲರಿಗೂ ಎದುರಿಗೇ ಕಾಣುವಂತಿದ್ದರೆ, ಅಲ್ಲಿ ಯಾವ ಹಾನಿಯೂ ಆಗಲಿಲ್ಲ. ಹಾಜರಾತಿ ಬೀಳಲಿಲ್ಲ, ಕೆಲಸ ನಿಧಾನ ಆಗಲಿಲ್ಲ.

ಇದನ್ನು ಓದಿದಾಗ ನನಗೆ ನಮ್ಮ ಕಣದ ತಕ್ಕಡಿಯೇ ಕಣ್ಣ ಮುಂದೆ ಬಂತು. ಕುಯ್ಲಿನಲ್ಲಿ ಕೆಜಿ ಲೆಕ್ಕ ಇರುತ್ತದೆ. ಸಂಜೆ ಎಲ್ಲರೂ ಚೀಲ ತಂದು ಸಾಲಾಗಿ ಇಡುತ್ತಾರೆ. ಒಬ್ಬಳು 120 ಕೆಜಿ ಕುಯ್ದಿರುತ್ತಾಳೆ, ಪಕ್ಕದವನು 70. ಅವಳ ದುಡ್ಡು ಅವನಿಗಿಂತ ಎಷ್ಟೋ ಜಾಸ್ತಿ. ಆದರೆ ಆ ದಿನಗಳಲ್ಲಿ ಕೂಲಿಯ ಬಗ್ಗೆ ಮುನಿಸು ನಾನು ನೋಡಿದ್ದೇ ಅಪರೂಪ. ತಕ್ಕಡಿ ಎಲ್ಲರ ಎದುರಿಗೆ ಇರುತ್ತದೆ, ಮುಳ್ಳು ಎಲ್ಲರಿಗೂ ಕಾಣುತ್ತದೆ. ಕುಯ್ಲಿನಲ್ಲಿ ಹೆಂಗಸಿಗೆ ಬೇರೆ ರೇಟು, ಗಂಡಸಿಗೆ ಬೇರೆ ರೇಟು ಎಂದೂ ಇಲ್ಲ. ಕೈ ಚುರುಕಾಗಿರುವ ಹೆಂಗಸರು ಎಷ್ಟು ಗಂಡಸರನ್ನು ಹಿಂದೆ ಹಾಕುತ್ತಾರೆ ಎಂದು ನೀವೇ ನೋಡಿದ್ದೀರಿ ಅಲ್ವಾ? ಅದೇ ಹೆಂಗಸು ಏಪ್ರಿಲ್‌ನಲ್ಲಿ ದಿನಗೂಲಿಗೆ ಬಂದಾಗ ಗಂಡಾಳಿಗಿಂತ ಕಡಿಮೆಯವಳು ಹೇಗಾಗುತ್ತಾಳೆ?

ತಕ್ಕಡಿಯ ಹತ್ತಿರವೂ ಮುನಿಸು ಬರುವುದುಂಟು. ಎಲೆ ಇದೆ, ನೀರಿದೆ, ಚೀಲದ ತೂಕ ಎಂದು ಬಾಯಿಗೆ ಬಂದಷ್ಟು ಕಡಿತ ಮಾಡಿದಾಗ. ಅದೂ ಕೆಲವರ ಚೀಲಕ್ಕೆ ಒಂದು ಕೆಜಿ, ಕೆಲವರ ಚೀಲಕ್ಕೆ ಮೂರು ಕೆಜಿ ಕಡಿತ ಮಾಡಿದರೆ, ಆ ತೋಟಕ್ಕೆ ಮುಂದಿನ ವರ್ಷ ಆಳು ಹುಡುಕುವುದು ಕಷ್ಟವೇ.

ಎಲ್ಲರಿಗೂ ಒಂದೇ ಕೂಲಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಕೆಲಸಕ್ಕೆ ಕೆಲಸಕ್ಕೆ ವ್ಯತ್ಯಾಸ ಇದೆ, ಅದನ್ನು ಆಳುಗಳು ನಿಮಗಿಂತ ಚೆನ್ನಾಗಿ ಬಲ್ಲರು. ಮರ ಕಪಾತು ಮಾಡುವವನು ಜೀವ ಕೈಯಲ್ಲಿ ಹಿಡಿದು ಸಿಲ್ವರ್ ಮರ ಹತ್ತುತ್ತಾನೆ. ಏಣಿಯ ಮೇಲೆ ನಿಂತು ಕರಿಮೆಣಸು ಕುಯ್ಯುವವನಿಗೂ ಹಾಗೇ. ಅವರಿಗೆ ಎರಡು ಪಟ್ಟು ಕೊಟ್ಟರೂ ಯಾರೂ ಕೇಳುವುದಿಲ್ಲ. ಮೇಸ್ತ್ರಿಗೆ, ರೈಟರ್‌ಗೆ, ಮ್ಯಾನೇಜರ್‌ಗೆ ಜಾಸ್ತಿ ಸಂಬಳ ಇರುವುದರ ಬಗ್ಗೆಯೂ ಸಿಟ್ಟು ಕಂಡಿದ್ದು ಕಡಿಮೆ. ಏಷ್ಯಾದ ಒಂದು ದೊಡ್ಡ ಬ್ಯಾಂಕಿನಲ್ಲಿ ಜೋಯಿ ಕಲೆನ್, ರಿಕಾರ್ಡೊ ಪೆರೆಜ್ ಟ್ರೂಗ್ಲಿಯಾ ಎಂಬ ಇಬ್ಬರು ಇದನ್ನೇ ನೋಡಿದ್ದಾರೆ. ಮೇಲಿನ ಅಧಿಕಾರಿಗೆ ಅಂದುಕೊಂಡದ್ದಕ್ಕಿಂತ ಜಾಸ್ತಿ ಸಂಬಳ ಇದೆ ಎಂದು ತಿಳಿದಾಗ ನೌಕರರ ಕೆಲಸ ಹೆಚ್ಚಾಯಿತು. ತಮ್ಮ ಪಕ್ಕದ ಕುರ್ಚಿಯವರಿಗೆ ಜಾಸ್ತಿ ಇದೆ ಎಂದು ತಿಳಿದಾಗ ಕೆಲಸ ಇಳಿಯಿತು. ಮೇಲಿನವರನ್ನು ನೋಡಿ ಮನುಷ್ಯ "ನಾನೂ ಅಲ್ಲಿಗೆ ಹೋಗಬಹುದು" ಎಂದುಕೊಳ್ಳುತ್ತಾನೆ. ಪಕ್ಕದವರನ್ನು ನೋಡಿದಾಗ ಬರುವ ಪ್ರಶ್ನೆಯೇ ಬೇರೆ.

ಇಲ್ಲಿ ಬ್ಯಾಂಕಿಗೂ ತೋಟಕ್ಕೂ ಇರುವ ಒಂದು ದೊಡ್ಡ ವ್ಯತ್ಯಾಸವನ್ನು ಹೇಳಬೇಕು. ಬ್ಯಾಂಕಿನ ಗುಮಾಸ್ತ ಮುಂದೆ ಅಧಿಕಾರಿ ಆಗಬಹುದು. ಲೈನಿನಲ್ಲಿ ಹುಟ್ಟಿದ ಎರವ ಹುಡುಗಿ ರೈಟರ್ ಆಗಿದ್ದನ್ನು, ಜೇನು ಕುರುಬರ ಹುಡುಗ ಮ್ಯಾನೇಜರ್ ಆಗಿದ್ದನ್ನು ನಾನು ಕೆಲಸ ಮಾಡಿದ ತೋಟಗಳಲ್ಲಿ ಒಮ್ಮೆಯೂ ನೋಡಲಿಲ್ಲ. ಮೇಲೆ ಹೋಗುವ ದಾರಿಯೇ ಇಲ್ಲದ ಕಡೆ ಮೇಲಿನವರ ಸಂಬಳ ಎಷ್ಟು ದಿನ ಹುರುಪು ಕೊಟ್ಟೀತು?

ಈಗ ಕಾಫಿ ರೇಟಿನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯುವಾಗ ನಿಮ್ಮಲ್ಲಿ ಕೆಲವರಿಗೆ ಬೇಸರ ಆಗಬಹುದು ಎಂದು ಗೊತ್ತು.

ದೇಶದ ಕಾಫಿಯಲ್ಲಿ ಮೂರನೇ ಒಂದು ಭಾಗದಷ್ಟು ಬೆಳೆಯುವುದು ನಮ್ಮ ಈ ಪುಟ್ಟ ಜಿಲ್ಲೆ. ಸುಮಾರು 2020ರ ಹೊತ್ತಿಗೆ 50 ಕೆಜಿ ರೋಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಚೀಲಕ್ಕೆ 3,500 ರೂಪಾಯಿ ಆಸುಪಾಸು ಇತ್ತು. ಬೆಳೆಗಾರರು ತುಂಬಾ ಸೋತಿದ್ದರು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ತೋಟಕ್ಕೆ ತೋಟವೇ ಕೊಚ್ಚಿಹೋದ ಪೆಟ್ಟು ಇನ್ನೂ ಆರಿರಲಿಲ್ಲ. ಆಗ ಆಳುಗಳಿಗೆ "ರೇಟಿಲ್ಲ, ಈ ವರ್ಷ ಸುಧಾರಿಸ್ಕೊಳ್ಳಿ" ಎಂದು ಹೇಳಿದೆವು. ಹೇಳಿದವರಲ್ಲಿ ನಾನೂ ಒಬ್ಬ, ಮಾತು ನಿಜವೂ ಆಗಿತ್ತು. ಅವರು ಸುಧಾರಿಸಿಕೊಂಡರು. ಆಮೇಲೆ ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಬರ ಬಿದ್ದು, 2024ರಲ್ಲಿ ಅದೇ ಚೀಲ 10,000 ರೂಪಾಯಿ ದಾಟಿತು. ಹಳ್ಳಿಯ ಅಂಗಡಿಯವನಿಗೂ ಗೊತ್ತಾದ ಸುದ್ದಿ ಅದು. ಲೈನ್ ಮನೆಗಳಲ್ಲಿ ಅವತ್ತು ಇದ್ದದ್ದು ಹೊಟ್ಟೆಕಿಚ್ಚಲ್ಲ. ಸಂತೋಷ ಇತ್ತು. "ಸಾಹುಕಾರ್ರಿಗೆ ಒಳ್ಳೇದಾಯ್ತು, ನಮಗೂ ಈ ವರ್ಷ ಏನಾದ್ರೂ ಆಗ್ತದೆ" ಎಂದು ಮಾತಾಡಿಕೊಳ್ಳುತ್ತಿದ್ದರು.

ಆಲ್ಬರ್ಟ್ ಹರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞ 1973ರಲ್ಲಿ ಈ ಮನಸ್ಸಿನ ಬಗ್ಗೆ ಬರೆದಿದ್ದರು. ಸುರಂಗದೊಳಗೆ ಎರಡು ಸಾಲಿನಲ್ಲಿ ಗಾಡಿಗಳು ಸಿಕ್ಕಿಕೊಂಡಿವೆ. ಪಕ್ಕದ ಸಾಲು ಮುಂದೆ ಸರಿಯತೊಡಗಿದರೆ ನಿಂತವನಿಗೆ ಮೊದಲು ಖುಷಿಯೇ ಆಗುತ್ತದೆ, ಇನ್ನು ನಮ್ಮದೂ ಹೊರಡುತ್ತದೆ ಎಂದು. ಎಷ್ಟು ಹೊತ್ತಾದರೂ ತನ್ನ ಸಾಲು ಮಾತ್ರ ಅಲ್ಲಾಡದಿದ್ದರೆ ಆ ಖುಷಿಯೇ ಸಿಟ್ಟಾಗುತ್ತದೆ. ಮೊದಲು ಯಾರೂ ಹೊರಡದೆ ನಿಂತಿದ್ದಾಗ ಇಲ್ಲದ ಸಿಟ್ಟು ಅದು.

ಲೆಕ್ಕ ಹಾಕಿ ನೋಡೋಣ. ಒಂದು ಚೀಲ ಒಣ ಚೆರ್ರಿ ಆಗಲು ಸುಮಾರು 110 ಕೆಜಿ ಹಣ್ಣು ಬೇಕು. ಕುಯ್ಲಿಗೆ ಕೆಜಿಗೆ 5 ರೂಪಾಯಿ ಅಂತಿಟ್ಟುಕೊಂಡರೆ ಚೀಲಕ್ಕೆ 550 ರೂಪಾಯಿ ಕುಯ್ಲಿನ ಕೂಲಿ. ಚೀಲ 3,500 ಇದ್ದಾಗ ಅದು ನೂರಕ್ಕೆ ಹದಿನೈದು, ಹದಿನಾರು ರೂಪಾಯಿ. ಚೀಲ 10,000 ಆದಾಗ, ಕೆಜಿಗೆ ಒಂದು ರೂಪಾಯಿ ಏರಿಸಿ 6 ಮಾಡಿದರೂ, ನೂರಕ್ಕೆ ಏಳು ರೂಪಾಯಿಯೂ ಆಗುವುದಿಲ್ಲ. ಈ ಲೆಕ್ಕ ಆಳುಗಳಿಗೆ ಬರುವುದಿಲ್ಲ ಎಂದು ತಿಳಿಯಬೇಡಿ. ಚೀಲ ಹೊತ್ತು ಲಾರಿಗೆ ಹಾಕುವವರು ಅವರೇ.

ಬೋನಸ್ ಕಥೆಯೂ ಇದೇ. 1965ರ ಬೋನಸ್ ಕಾಯ್ದೆ ನಷ್ಟದ ವರ್ಷದಲ್ಲೂ ಕೊಡಬೇಕಾದ ಕನಿಷ್ಠ ಮಟ್ಟವನ್ನು ಶೇ 8.33 ಎಂದು ಇಟ್ಟಿತು. ಅಂದರೆ ವರ್ಷಕ್ಕೆ ಒಂದು ತಿಂಗಳ ಸಂಬಳ. ಲಾಭ ಇದ್ದರೆ ಶೇ 20ರವರೆಗೆ ಏರಬೇಕು ಎಂಬುದೂ ಅದೇ ಕಾಯ್ದೆಯ ಮಾತು. ನಾನು ಬರೆದ ಪುಸ್ತಕಗಳಲ್ಲಿ ರೇಟು ಬಿದ್ದ ವರ್ಷವೂ 8.33, ಏರಿದ ವರ್ಷವೂ 8.33.

ನಿಮ್ಮ ಕಡೆಯ ಮಾತನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಭಾರತದ ಕಾಫಿ ಹಿಡುವಳಿಗಳಲ್ಲಿ ಹೆಚ್ಚೂ ಕಡಿಮೆ ಎಲ್ಲವೂ 10 ಹೆಕ್ಟೇರ್‌ಗಿಂತ ಚಿಕ್ಕವು. ನಾಲ್ಕೈದು ಎಕರೆ ಇಟ್ಟುಕೊಂಡು, ಹೂಮಳೆ ಕೈಕೊಟ್ಟರೆ ಡೀಸೆಲ್ ಸುರಿದು ಸ್ಪ್ರಿಂಕ್ಲರ್ ಓಡಿಸಿ, ಕಾಯಿಕೊರಕ, ಕಾಂಡಕೊರಕದ ಜೊತೆ ಗುದ್ದಾಡಿ, ಬ್ಯಾಂಕ್ ಸಾಲ ತೀರಿಸುವ ಕುಟುಂಬಗಳು ನಮ್ಮಲ್ಲಿ ಎಷ್ಟೋ ಇವೆ. ಗಂಡ ಹೆಂಡತಿ ಇಬ್ಬರೂ ಆಳುಗಳ ಜೊತೆ ಸಾಲಿಗೆ ಇಳಿಯುತ್ತಾರೆ. ಏರಿದ ರೇಟು ಇಳಿಯಲು ಒಂದು ಒಳ್ಳೆ ಮಳೆ ಸಾಕು. ಆದ್ದರಿಂದ ದಿನಗೂಲಿಯನ್ನೇ ರೇಟಿನ ಹಿಂದೆ ಓಡಿಸಿ ಎಂದು ನಾನು ಹೇಳುವುದಿಲ್ಲ. ಕುಯ್ಲು ಮುಗಿದ ಮೇಲೆ, ಆ ವರ್ಷ ಚೀಲಕ್ಕೆ ಸಿಕ್ಕ ರೇಟನ್ನು ನೋಡಿ, ಕುಯ್ದ ಕೆಜಿಗೆ ಇಷ್ಟು ಎಂದು ಒಂದು ಸಲದ ಹಣ ಕೊಡಬಹುದಲ್ಲ? ರೇಟು ಬಿದ್ದ ವರ್ಷ ಅದು ಇಲ್ಲ. ಹೀಗೆಂದು ಮೊದಲೇ ಹೇಳಿದ್ದರೆ ಬಿದ್ದ ವರ್ಷ ಯಾರೂ ಕೇಳುವುದಿಲ್ಲ. ಅವರು ಆಗಲೇ ಒಮ್ಮೆ ಸುಧಾರಿಸಿಕೊಂಡು ತೋರಿಸಿದ್ದಾರೆ.

ಇನ್ನು ಲೈನ್ ಮನೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು.

"ನಮ್ಮ ಲೈನಿನವರು ಮೂರು ತಲೆಮಾರಿನಿಂದ ಇಲ್ಲೇ ಇದ್ದಾರೆ, ಅವರಿಗೆ ತೃಪ್ತಿ ಇಲ್ಲದೆ ಇರ್ತಾರಾ?" ಎಂದು ಬಹಳ ಜನ ಕೇಳುತ್ತಾರೆ. ಇರುತ್ತಾರೆ. ಕೆಲಸ ಬಿಟ್ಟರೆ ಮನೆಯೂ ಬಿಡಬೇಕು. ಮನೆ ಬಿಟ್ಟರೆ ಹೋಗಲು ಜಾಗ ಇಲ್ಲ. ಸಾಲದ ಬಾಬ್ತು ಪುಸ್ತಕದಲ್ಲಿ ಇರುತ್ತದೆ: ಮಗಳ ಮದುವೆಗೆ ತೆಗೆದುಕೊಂಡದ್ದು, ಆಸ್ಪತ್ರೆಗೆ ತೆಗೆದುಕೊಂಡದ್ದು. ಜೀತ ಪದ್ಧತಿ 1976ರ ಕಾಯ್ದೆಯಿಂದ ಹೋಯಿತು, ಆದರೆ ತೀರದ ಮುಂಗಡ ಈಗಲೂ ಜನರನ್ನು ಕಟ್ಟಿಹಾಕುತ್ತದೆ. ಅಂಥವರು ಬಿಟ್ಟುಹೋಗದೆ ಉಳಿದದ್ದನ್ನು ತೃಪ್ತಿ ಎಂದು ಓದಬಾರದು. ಹೊರಗಿನಿಂದ ಬಂದವನಿಗೆ ಅತೃಪ್ತಿ ಆದರೆ ಮಾರನೇ ದಿನ ಜೀಪು ಹತ್ತುವುದಿಲ್ಲ, ನಿಮಗೆ ಗೊತ್ತಾಗುತ್ತದೆ. ಲೈನಿನವಳ ಅತೃಪ್ತಿ ಕಾಣುವುದೇ ಇಲ್ಲ.

2016ರ ಕೊನೆಯಲ್ಲಿ ದಿಡ್ಡಳ್ಳಿಯಲ್ಲಿ ಏನಾಯಿತು ಎಂದು ನೆನಪಿಸಿಕೊಳ್ಳಿ. ಲೈನ್ ಮನೆಗಳನ್ನು ಬಿಟ್ಟು ಬಂದ ಎಷ್ಟೋ ಆದಿವಾಸಿ ಕುಟುಂಬಗಳು ಅಲ್ಲಿ ಗುಡಿಸಲು ಹಾಕಿಕೊಂಡಿದ್ದವು. ಆ ಗುಡಿಸಲುಗಳನ್ನು ಕೆಡವಿದಾಗ ರಾಜ್ಯವೇ ತಿರುಗಿ ನೋಡಿತು. ಆಮೇಲೆ ಅವರಿಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಜಾಗ ಕೊಟ್ಟರು. ಗೋಡೆ ಇರುವ ಲೈನ್ ಮನೆ ಬಿಟ್ಟು ಪ್ಲಾಸ್ಟಿಕ್ ಹೊದಿಕೆಯ ಗುಡಿಸಲಿಗೆ, ಆನೆ ಓಡಾಡುವ ಕಾಡಂಚಿಗೆ ಜನ ಯಾಕೆ ಹೋದರು? ಸ್ವಂತದ್ದು ಎಂಬ ಒಂದು ತುಂಡು ನೆಲಕ್ಕಾಗಿ ಹೋದರು. ಬೆಳಿಗ್ಗೆ ಯಾವ ತೋಟಕ್ಕೆ ಹೋಗಬೇಕು ಎಂದು ತಾವೇ ನಿರ್ಧರಿಸಲು ಹೋದರು. ಅಂಥ ಜಾಗ ಸಿಕ್ಕಿದವರು ಈಗಲೂ ಕಾಫಿ ತೋಟದಲ್ಲೇ ಕೂಲಿ ಮಾಡಬಹುದು, ಆದರೆ ಹೊರಗಿನವರ ಕೂಲಿ ಕೇಳುತ್ತಾರೆ.

ಮನೆ, ಸೌದೆ, ಕರೆಂಟು, ನೀರು ಕೊಡುತ್ತೇವೆ, ಅದಕ್ಕೆ ಕೂಲಿ ಕಡಿಮೆ ಎನ್ನುತ್ತೀರಿ. ಸರಿ, ಹಾಗಾದರೆ ಅದಕ್ಕೆ ಎಷ್ಟು ಹಿಡಿದಿದ್ದೀರಿ ಎಂದು ಬರೆದು ತೋರಿಸಿ. ಒಂದು ಕೋಣೆಯ, ಸೋರುವ ಹೆಂಚಿನ ಮನೆಗೂ, ಕಕ್ಕಸು ಸ್ನಾನದ ಮನೆ ಇರುವ ಹೊಸ ಲೈನಿಗೂ ಒಂದೇ ಕಡಿತ ಹೇಗಾಗುತ್ತದೆ? ಗಂಡ, ಹೆಂಡತಿ, ಮಗ ಮೂವರೂ ದುಡಿದರೆ ಒಂದೇ ಮನೆಗೆ ಮೂವರ ಕೂಲಿಯಿಂದಲೂ ಕಡಿತ ಆಗುತ್ತಿಲ್ಲವೇ? ಅಲ್ಲದೆ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ, 5 ಹೆಕ್ಟೇರ್ ಮತ್ತು 15 ಆಳುಗಳ ಮೇಲಿನ ತೋಟಗಳಲ್ಲಿ ಮನೆ ಕೊಡುವುದನ್ನು ಮಾಲೀಕರ ಜವಾಬ್ದಾರಿ ಎಂದೇ ಹೇಳಿತು. ಜವಾಬ್ದಾರಿಯಾಗಿ ಕೊಟ್ಟದ್ದನ್ನು ಕೂಲಿಯಲ್ಲಿ ಕಳೆಯುವುದು ನ್ಯಾಯವಲ್ಲ.

ಹೆಣ್ಣಾಳಿನ ಕೂಲಿಯ ಬಗ್ಗೆ ಕಾನೂನಿನಲ್ಲಿ ಗೊಂದಲವೇ ಇಲ್ಲ. ಸಮಾನ ಕೆಲಸಕ್ಕೆ ಗಂಡು ಹೆಣ್ಣಿಗೆ ಸಮಾನ ವೇತನ ಎಂದು ಸಂವಿಧಾನದ 39ನೇ ವಿಧಿ ಹೇಳುತ್ತದೆ. 1976ರ ಸಮಾನ ವೇತನ ಕಾಯ್ದೆ ಅದನ್ನೇ ಹೇಳಿತು, 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಸರ್ಕಾರ ಹೊರಡಿಸುವ ಕನಿಷ್ಠ ಕೂಲಿಯ ಪಟ್ಟಿಯಲ್ಲಿ ಗಂಡಿಗೊಂದು ಹೆಣ್ಣಿಗೊಂದು ಎಂದು ಇರುವುದಿಲ್ಲ. ಗಂಡಸರ ಕೆಲಸ ಕಷ್ಟದ್ದು ಎನ್ನುವವರು ಕೆಲಸಕ್ಕೆ ರೇಟು ಕಟ್ಟಲಿ. ಗುಂಡಿ ತೆಗೆಯಲು ಇಷ್ಟು, ಔಷಧಿ ಹೊಡೆಯಲು ಇಷ್ಟು, ಚಿಗುರು ತೆಗೆಯಲು ಇಷ್ಟು, ಯಾರು ಮಾಡಿದರೂ ಅಷ್ಟೇ. ಬೆಳಗಿನ ಮಂಜಿನಲ್ಲಿ ತೋಟಕ್ಕೆ ನಡೆದು ಹೋಗುವಾಗ ಎದುರಿಗೆ ಬರುವ ಆನೆ ಗಂಡಾಳು ಹೆಣ್ಣಾಳು ಎಂದು ನೋಡುವುದಿಲ್ಲ. ಅಪಾಯ ಸಮ ಇರುವಾಗ ಕೂಲಿಯೂ ಸಮ ಇರಬೇಕು.

ಅಮ್ಮತ್ತಿ ಕಡೆ ಒಂದು ಸಣ್ಣ ತೋಟ ಇದೆ. ದೊಡ್ಡ ಎಸ್ಟೇಟುಗಳಿಗಿಂತ ಅಲ್ಲಿ ದಿನಗೂಲಿ ಸ್ವಲ್ಪ ಕಡಿಮೆಯೇ. ಆದರೆ ಗಂಡು ಹೆಣ್ಣಿಗೆ ಒಂದೇ. ಲೆಕ್ಕದ ಪುಸ್ತಕವನ್ನು ಬಟವಾಡೆ ದಿನ ಮೇಜಿನ ಮೇಲೆ ತೆರೆದಿಡುತ್ತಾರೆ, ಯಾರು ಬೇಕಾದರೂ ನೋಡಬಹುದು. ಓದಲು ಬಾರದವರಿಗೆ ಆ ಮನೆಯ ಅಮ್ಮನೇ ಓದಿ ಹೇಳುತ್ತಾರೆ. ಆಳುಗಳನ್ನು ಹೆಸರು ಹಿಡಿದು ಕರೆಯುತ್ತಾರೆ. ಅವರಿಗೆ ಕುಯ್ಲಿನಲ್ಲಿ ಆಳು ಸಿಗಲಿಲ್ಲ ಎಂಬ ಮಾತನ್ನು ನಾನು ಕೇಳಿಲ್ಲ. ದೊಡ್ಡ ಎಸ್ಟೇಟು ದಾಟಿಕೊಂಡು ಅಲ್ಲಿಗೆ ನಡೆದು ಹೋಗುವ ಹೆಂಗಸರನ್ನು ನೋಡಿದ್ದೇನೆ. ಬ್ರಿಟನ್‌ನ 5,000 ಕೆಲಸಗಾರರ ಮಾಹಿತಿ ಇಟ್ಟುಕೊಂಡು ಆಂಡ್ರ್ಯೂ ಕ್ಲಾರ್ಕ್, ಆಂಡ್ರ್ಯೂ ಆಸ್ವಾಲ್ಡ್ 1996ರಲ್ಲಿ ಹೇಳಿದ್ದೂ ಹೀಗೇ ಇದೆ. ಕೆಲಸದಲ್ಲಿ ತೃಪ್ತಿ ಬರುವುದು ಬರೀ ಎಷ್ಟು ಸಿಕ್ಕಿತು ಎಂಬುದರಿಂದ ಅಲ್ಲ. ತನ್ನಂಥವರಿಗೆ ಎಷ್ಟು ಸಿಗುತ್ತಿದೆ ಎಂಬುದು ಏರಿದಷ್ಟೂ ತನ್ನ ತೃಪ್ತಿ ಇಳಿಯುತ್ತದೆ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಕೂಲಿ ಪಟ್ಟಿಯನ್ನು ಬೋರ್ಡಿಗೆ ಹಾಕಿದರೆ ಎಲ್ಲಾ ಸರಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಪತ್ರಿಕೆ ಸರ್ಕಾರಿ ನೌಕರರ ಸಂಬಳವನ್ನೆಲ್ಲ ಅಂತರ್ಜಾಲದಲ್ಲಿ ಹಾಕಿತ್ತು. ಅಲ್ಲಿನ ವಿಶ್ವವಿದ್ಯಾಲಯದ ಕೆಲವು ನೌಕರರಿಗೆ ಆ ಪಟ್ಟಿಯ ವಿಷಯ ತಿಳಿಸಿ, ಆಮೇಲೆ ಡೇವಿಡ್ ಕಾರ್ಡ್ ಮತ್ತು ಜೊತೆಗಾರರು ಅವರನ್ನು ಮಾತಾಡಿಸಿದರು. 2012ರಲ್ಲಿ ಬಂದ ಆ ಅಧ್ಯಯನದ ಪ್ರಕಾರ, ತಮ್ಮ ವಿಭಾಗದಲ್ಲಿ ಮಧ್ಯದ ಮಟ್ಟಕ್ಕಿಂತ ಕಡಿಮೆ ಸಂಬಳ ಇದ್ದವರ ತೃಪ್ತಿ ಇಳಿಯಿತು, ಬೇರೆ ಕೆಲಸ ಹುಡುಕುವ ಮನಸ್ಸು ಹೆಚ್ಚಿತು. ಜಾಸ್ತಿ ಸಂಬಳದವರ ತೃಪ್ತಿ ಏರಲಿಲ್ಲ. ಆದ್ದರಿಂದ ಮೊದಲು ಕೂಲಿಯನ್ನು ಸರಿಮಾಡಿ, ಆಮೇಲೆ ಬೋರ್ಡು ಹಾಕಿ. ಕಾರಣ ಇರುವ ಅಂತರವನ್ನು ಕಾರಣದ ಸಮೇತ ಬರೆಯಿರಿ. ಕಾರಣ ಬರೆಯಲು ಆಗದಂಥ ಅಂತರವನ್ನು ತೆಗೆದುಹಾಕಿ. ನಮ್ಮ ಲೈನುಗಳಲ್ಲಿ ಪಟ್ಟಿ ಹೇಗೂ ಎಲ್ಲರ ಬಾಯಲ್ಲಿದೆ, ಕಾರಣ ಮಾತ್ರ ಯಾರಿಗೂ ಗೊತ್ತಿಲ್ಲ.

ಕಾರ್ಮಿಕ ಇಲಾಖೆಯವರಿಗೆ ನನ್ನ ಕೋರಿಕೆ ಬೇರೆ. ನೀವು ತೋಟಕ್ಕೆ ಬರುವುದೇ ಅಪರೂಪ. ಬಂದಾಗಲೂ ಆಫೀಸಿನಲ್ಲಿ ಕುಳಿತು ನಮ್ಮಂಥ ರೈಟರ್‌ಗಳ ಪುಸ್ತಕ ನೋಡಿ ಹೋಗುತ್ತೀರಿ. ಪುಸ್ತಕದಲ್ಲಿ ಕನಿಷ್ಠ ಕೂಲಿ ಸರಿಯಾಗಿಯೇ ಇರುತ್ತದೆ. ಸಾಲಿಗೆ ಇಳಿದು ಹೆಂಗಸರನ್ನು ಮೇಸ್ತ್ರಿ ಇಲ್ಲದ ಕಡೆ ಮಾತಾಡಿಸಿ. ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರಿ ಬದಲಾಗುವ ಕನಿಷ್ಠ ಕೂಲಿಯನ್ನು ಆದಿವಾಸಿ ಹಾಡಿಗಳಲ್ಲಿ, ಸಂತೆಯಲ್ಲಿ ಮೈಕ್ ಹಿಡಿದು ಹೇಳಿಸಿ. ಅಸ್ಸಾಂ, ಬಂಗಾಳದಿಂದ ಬಂದವರಿಗೆ ಅವರ ಭಾಷೆಯಲ್ಲಿ ಹೇಳಿಸಿ. ಏಜೆಂಟಿನ ಕಮಿಷನ್ ಬೇರೆ, ಆಳಿನ ಕೂಲಿ ಬೇರೆ ಎಂದು ಚೀಟಿಯಲ್ಲಿ ಕಾಣಬೇಕು. ಮಾಲೀಕರು ಆ ದುಡ್ಡನ್ನು ನೇರವಾಗಿ ಆಳಿನ ಖಾತೆಗೆ ಹಾಕುವಂತೆ ನೋಡಿಕೊಳ್ಳಿ. ಮಾಲೀಕರಿಗೆ ಇದರಿಂದ ಒಂದು ರೂಪಾಯಿ ಜಾಸ್ತಿ ಖರ್ಚಿಲ್ಲ.

ಜಿಲ್ಲಾಡಳಿತ ಕುಯ್ಲು ಶುರುವಾಗುವ ಮೊದಲು ಮಡಿಕೇರಿಯಲ್ಲಿ ಒಂದು ಸಭೆ ಕರೆಯಲಿ. ಬೆಳೆಗಾರರ ಸಂಘದವರು ಬರಲಿ, ಕಾರ್ಮಿಕ ಸಂಘದವರು ಬರಲಿ. ಅವರ ಜೊತೆಗೆ ಲೈನ್ ಮನೆಯ ಹೆಂಗಸರೂ ಕುರ್ಚಿಯಲ್ಲಿ ಕುಳಿತುಕೊಳ್ಳುವಂತಾಗಲಿ. ಅವತ್ತಿನ ಕೂಲಿಯನ್ನು ಜಿಲ್ಲಾಡಳಿತವೇ ಕೊಡಲಿ, ಇಲ್ಲದಿದ್ದರೆ ಅವರು ಬರಲು ಆಗುವುದಿಲ್ಲ. ಹೆಣ್ಣಾಳು ಗಂಡಾಳು ಕೂಲಿ ಸಮ ಮಾಡುವುದು, ಲೈನ್ ಮನೆಯ ಕಡಿತ ನಿಲ್ಲಿಸುವುದು, ಚೀಲದ ತೂಕದ ಕಡಿತಕ್ಕೆ ಜಿಲ್ಲೆಗೆಲ್ಲಾ ಒಂದೇ ಲೆಕ್ಕ ಇಡುವುದು, ಈ ಮೂರನ್ನು ಈ ಕುಯ್ಲಿನಿಂದಲೇ ಶುರುಮಾಡಬಹುದು. ರೇಟಿಗೆ ತಕ್ಕ ಬೋನಸ್ ಲೆಕ್ಕ ಹಾಕಲು ಸಮಯ ಬೇಕಾದರೆ ಅದನ್ನು ಮಾರ್ಚ್‌ನಲ್ಲಿ ಕುಳಿತು ಮಾತಾಡಿ. ಲೆಕ್ಕ ಬರೆಯಲು ಯಾರಾದರೂ ಬೇಕೆಂದರೆ ನಾನು ಬರುತ್ತೇನೆ.

ಇಂತಿ,
ತೋಟಗಳಲ್ಲಿ ಹಾಜರಿ ಪುಸ್ತಕ ಬರೆದ ಒಬ್ಬ ರೈಟರ್
ಸಿದ್ದಾಪುರ, ಕೊಡಗು